ಹನ್ನೊಂದು ಮಳೆಗಾಲ ನಿಂತ ಟ್ರ್ಯಾಕ್ಟರ್

ಸೋದರಮಾವನ ವಾಡಿ, ಅಂದರೆ ತೋಟ, ಮುಂಬಯಿಯ ಗೊರಾಯಿಯಲ್ಲಿದೆ. ಬೊರಿವಲಿಯ ಜೆಟ್ಟಿಯಲ್ಲಿ ದೋಣಿ ಹತ್ತಿದರೆ ಖಾಡಿ ದಾಟಲು ಹೆಚ್ಚು ಹೊತ್ತು ಬೇಡ. ರಸ್ತೆಯಲ್ಲೇ ಹೋಗುತ್ತೇನೆಂದರೆ ಭಾಯಂದರ್, ಉತ್ತನ್ ಎಂದು ಸುತ್ತು ಹಾಕಬೇಕು. ಮಾವ ಹೋಟೆಲು ನಡೆಸಿ ಸಾಕಾಗಿ ಕೈಬಿಟ್ಟ ಮೇಲೆ ಅಲ್ಲಿ ತೆಂಗು, ಚಿಕ್ಕು, ಒಂದಿಷ್ಟು ಬದನೆ-ಬೆಂಡೆ ಅಂತ ಮಾಡಿಕೊಂಡು ಇದ್ದಾರೆ. ಆ ವಾಡಿಯ ಮೂಲೆಯಲ್ಲಿ, ಮಡಲು ಹೊದೆಸಿದ ಮಾಡಿನ ಕೆಳಗೆ, ಕೆಂಪು ಬಣ್ಣದ ಬಿ-275 ಟ್ರ್ಯಾಕ್ಟರ್ ಹನ್ನೊಂದು ಮಳೆಗಾಲ ಅಲುಗಾಡದೆ ನಿಂತಿತ್ತು. ಸೀಟಿನ ಸ್ಪಂಜಿನಲ್ಲಿ ಇಲಿ ಮರಿ ಹಾಕಿತ್ತು. ಸ್ಟಿಯರಿಂಗಿಗೆ ಅಮೃತಬಳ್ಳಿ ಸುತ್ತಿಕೊಂಡಿತ್ತು. ಕಬಾಡಿಯವನು ಎರಡು ಸಲ ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿಹೋಗಿದ್ದ.

"ಹೊಸ ಬ್ಯಾಟರಿ ತಂದರಾಯಿತಲ್ಲ, ಕೀಲಿ ತಿರುಗಿಸಿ ನೋಡುವಾ" ಎಂದರು ಮಾವ. ನಾನು ಬೇಡವೆಂದೆ. ಹನ್ನೊಂದು ವರ್ಷದಲ್ಲಿ ಆಗದ ಹಾಳು ಕೀಲಿ ತಿರುಗಿಸಿದ ಹನ್ನೊಂದು ಸೆಕೆಂಡಿನಲ್ಲಿ ಆಗಿಬಿಡುತ್ತದೆ. ಹಿಂದೊಮ್ಮೆ ವಸಾಯಿಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೆ. ಪರಿಚಯದವರ ಟ್ರ್ಯಾಕ್ಟರ್ ನಾಲ್ಕೈದು ವರ್ಷ ನಿಂತಿತ್ತು. ಸೆಲ್ಫ್ ಹೊಡೆಯಲಿಲ್ಲ ಎಂದು ಅದನ್ನು ಗೇರಿಗೆ ಹಾಕಿ, ಲಾರಿಗೆ ಹಗ್ಗ ಕಟ್ಟಿ ಎಳೆದೆವು. ಹಿಂದಿನ ಚಕ್ರ ಮೊದಲು ಮಣ್ಣಿನಲ್ಲಿ ಜಾರಿತು, ಆಮೇಲೆ ತಿರುಗಿತು, ಒಳಗಿನಿಂದ 'ಟಣ್' ಎಂದಿತು. ವಾಲ್ವ್ ಒಂದು ತುಕ್ಕಿಗೆ ಅಂಟಿಕೊಂಡಿತ್ತು. ಅದನ್ನು ತಳ್ಳಲು ಹೋಗಿ ಪುಶ್ ರಾಡ್ ಕೊಕ್ಕೆಯಂತೆ ಬಗ್ಗಿತ್ತು. ಎರಡು ದಿನ ತಾಳ್ಮೆಯಿಂದ ಮುಗಿಸಬಹುದಾದ ಕೆಲಸಕ್ಕೆ ಹೆಡ್ ಇಳಿಸಬೇಕಾಯಿತು.

ಈ ಸಲ ನನ್ನ ಜೊತೆಗೆ ಬಂದವರು ನಮ್ಮ ಪಕ್ಕದ ಕಟ್ಟಡದ ನಿವೃತ್ತ ಫಿಟ್ಟರ್. ಕುಂದಾಪುರದ ಕಡೆಯವರು. ಮಾವನಿಗಿಂತ ದೊಡ್ಡವರಾದ್ದರಿಂದ ಮಾವನೂ ಅವರನ್ನು ಅಣ್ಣ ಅಂತಲೇ ಕರೆದರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಅವರು ಹೇಳಿದ ಮೊದಲ ಮಾತು: "ಸ್ಟಾರ್ಟ್ ಮಾಡುದು ಮತ್ತೆ ಮಾರಾಯಾ, ನಿಲ್ಸುದು ಹ್ಯಾಂಗೆ ಅಂತ ಮೊದ್ಲು ತೋರ್ಸು." ಆ ಮಾತಿನ ಅರ್ಥ ಮುಂದೆ ಹೇಳುತ್ತೇನೆ. ಹಳೆ ಡೀಸೆಲ್ ಇಂಜಿನ್ನಿಗೆ ಕೈಹಾಕುವವರು ನೆನಪಿಡಬೇಕಾದ ಮಾತು ಅದೊಂದೇ ಎಂದರೂ ನಡೆಯುತ್ತದೆ.

ಗಾಡಿಯ ಕುಲಗೋತ್ರ ಒಂದಿಷ್ಟು ತಿಳಿದಿರಲಿ. ಈ ಟ್ರ್ಯಾಕ್ಟರ್ ಹುಟ್ಟಿದ್ದು ಖಾಡಿಯ ಈಚೆ ದಡದಲ್ಲಿ, ಕಾಂದಿವಲಿಯ ಆಕುರ್ಲಿ ರಸ್ತೆಯ ಕಾರ್ಖಾನೆಯಲ್ಲಿ. ಮಹೀಂದ್ರದವರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ 1963ರಲ್ಲಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿದರು. 1965ರಲ್ಲಿ ಬಿ-275 ಹೊರಬಂತು. 1977ರಲ್ಲಿ ಆ ಕಂಪನಿ ಮಹೀಂದ್ರ ಅಂಡ್ ಮಹೀಂದ್ರದೊಳಗೇ ಸೇರಿಹೋಯಿತು. ನಾಲ್ಕು ಸಿಲಿಂಡರ್, ಸುಮಾರು 35 ಅಶ್ವಶಕ್ತಿ, ಇಂಗ್ಲೆಂಡಿನಲ್ಲಿ ರೂಪುಗೊಂಡ ಇಂಜಿನ್. ಮುಂದೆ ಬಂದ ಮಹೀಂದ್ರ ಗಾಡಿಗಳ ಹೆಸರಿಗೆ 'ಡಿಐ' ಎಂಬ ಬಾಲ ಅಂಟಿಕೊಂಡಿತಲ್ಲ, ಅದು ಡೈರೆಕ್ಟ್ ಇಂಜೆಕ್ಷನ್. ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಗೆ ಬೀಳುತ್ತದೆ. ಬಿ-275ರಲ್ಲಿ ಹಾಗಲ್ಲ, ಹೆಡ್ಡಿನೊಳಗಿನ ಪುಟ್ಟ ಗೂಡಿನಲ್ಲಿ ಬಿದ್ದು ಉರಿದು ಆಮೇಲೆ ಸಿಲಿಂಡರಿಗೆ ಇಳಿಯುತ್ತದೆ. ಅದಕ್ಕೇ ತಣ್ಣಗಿರುವಾಗ ಹೀಟರ್ ಪ್ಲಗ್ಗಿನ ಬಿಸಿ ಬೇಕು. ಉಳಿದಂತೆ ನಾನಿಲ್ಲಿ ಹೇಳುವುದು ಮ್ಯಾಸಿ, ಎಸ್ಕಾರ್ಟ್, ಎಚ್‌ಎಂಟಿ ಯಾವುದೇ ಹಳೆ ಗಾಡಿಗೂ ಹೊಂದುತ್ತದೆ. ಕಂಪ್ಯೂಟರ್ ಇರುವ ಈಚಿನ ಗಾಡಿಗಳಿಗೆ ಇದು ಉಪಯೋಗವಿಲ್ಲ.

ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಹದಿನೇಳು, ಇಪ್ಪತ್ತು ಪಟ್ಟು ಅದುಮಿದರೆ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಹೊತ್ತಿಗೆ ಸರಿಯಾಗಿ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಂದಮೇಲೆ ನಿಂತ ಗಾಡಿಯಲ್ಲಿ ನಾವು ಹುಡುಕಬೇಕಾದ್ದು ಮೂರೇ: ಪಿಸ್ಟನ್ ತಿರುಗುತ್ತದೆಯೇ, ಗಾಳಿ ಅದುಮುತ್ತದೆಯೇ, ಶುದ್ಧ ಡೀಸೆಲ್ ಸಾಕಷ್ಟು ಒತ್ತಡದಲ್ಲಿ ಬರುತ್ತದೆಯೇ. ಬ್ಯಾಟರಿಯ ಪಾಳಿ ಇದೆಲ್ಲ ಆದಮೇಲೆ.

ಮುಂಬಯಿಯಲ್ಲಿ ಹಾಳು ಶುರುವಾಗುವುದು ಸೈಲೆನ್ಸರಿನಿಂದ. ನೇರ ಮೇಲಕ್ಕೆ ನಿಂತ ಕೊಳವೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಮೀಟರಿಗೂ ಮಿಗಿಲಾಗಿ ಸುರಿಯುವ ಮಳೆ, ಮೇಲಿಂದ ಕಡಲಿನ ಉಪ್ಪುಗಾಳಿ. ಇಂಜಿನ್ ನಿಂತಾಗ ಯಾವುದೋ ಒಂದು ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದೇ ಇರುತ್ತದೆ. ಕೊಳವೆಯಲ್ಲಿ ಇಳಿದ ನೀರು ಅಲ್ಲಿಗೆ ಸೇರಿ ಪಿಸ್ಟನ್ನಿನ ಮೇಲೆ ಕೂರುತ್ತದೆ, ರಿಂಗು ಲೈನರಿಗೆ ತುಕ್ಕಿನಿಂದ ಬೆಸೆದುಕೊಳ್ಳುತ್ತದೆ. ನಾಲ್ಕರಲ್ಲಿ ಒಂದು ಅಂಟಿದರೂ ಇಂಜಿನ್ ಜಾಮ್. ನೀರು ಇನ್ನೂ ಒಳಗೇ ನಿಂತಿದ್ದು ಸೆಲ್ಫ್ ಹೊಡೆದರೆ ಅದಕ್ಕಿಂತ ಕಷ್ಟ. ನೀರು ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮಾವನ ಪುಣ್ಯಕ್ಕೆ ಯಾರೋ ಸೈಲೆನ್ಸರಿನ ಬಾಯಿಗೆ ಡಾಲ್ಡಾ ಡಬ್ಬ ಮುಚ್ಚಿದ್ದರು. ಡಬ್ಬದೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅಣ್ಣ ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ಹೊರಗೆ ಹಾಕಿದರು, ಒಳಕ್ಕೆ ತಳ್ಳಲಿಲ್ಲ.

ನಾವು ಮೊದಲು ಮಾಡಿದ್ದು ರೇಡಿಯೇಟರಿಗೆ ನೀರು ತುಂಬಿ ಮನೆಗೆ ಹೋದದ್ದು. ಇದು ಅಣ್ಣನ ಉಪಾಯ. ಸಿಲಿಂಡರಿನ ಲೈನರುಗಳ ಸುತ್ತ ನೀರು ಓಡಾಡುವ ಇಂಜಿನ್ನುಗಳಲ್ಲಿ ಆ ನೀರು ಕೆಳಗಿನ ಆಯಿಲ್ ಚೇಂಬರಿಗೆ ಇಳಿಯದಂತೆ ತಡೆಯುವುದು ಬೆರಳು ದಪ್ಪವೂ ಇಲ್ಲದ ರಬ್ಬರ್ ಉಂಗುರಗಳು. ಒಣಗಿ ನಿಂತರೆ ಅವು ಕುಗ್ಗುತ್ತವೆ, ಬಿರುಕು ಬಿಡುತ್ತವೆ. ಮರುದಿನ ಬಂದು ಚೇಂಬರಿನ ಡ್ರೇನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ಒಂದೆರಡು ಸುತ್ತು ಸಡಿಲಿಸಿ ಕೆಳಗೆ ಸ್ಟೀಲ್ ಬಟ್ಟಲು ಹಿಡಿದೆವು. ನೀರು ಆಯಿಲಿಗಿಂತ ಭಾರ, ಇದ್ದರೆ ಮೊದಲು ಅದೇ ಬರಬೇಕು. ಮೂರು ಚಮಚೆಯಷ್ಟು ನೀರು ಬಂತು, ಆಮೇಲೆ ಕಪ್ಪು ಆಯಿಲ್. ಮಾವನ ಮುಖ ಸಣ್ಣದಾಯಿತು. "ಇದು ಬೆವರಿನ ನೀರು" ಎಂದರು ಅಣ್ಣ. ವರ್ಷಗಟ್ಟಲೆ ಹಗಲು ಬಿಸಿ ರಾತ್ರಿ ತಂಪು ಆಗುತ್ತಾ ಲೋಹದ ಒಳಮೈ ಬೆವರಿ ಅಷ್ಟು ನೀರು ಕೂಡುವುದು ಸಹಜ. ಲೋಟಗಟ್ಟಲೆ ಬಂದಿದ್ದರೆ, ರೇಡಿಯೇಟರಿನ ಮಟ್ಟ ಇಳಿದಿದ್ದರೆ ಅಲ್ಲಿಗೇ ನಿಲ್ಲಿಸಿ ಲೈನರ್ ಕಡೆಗೆ ಹೋಗಬೇಕಿತ್ತು. ರೇಡಿಯೇಟರ್ ನೋಡಿದೆವು, ಮಟ್ಟ ಇಳಿದಿರಲಿಲ್ಲ.

ಡಿಪ್ ಸ್ಟಿಕ್ ಓದುವುದಕ್ಕೂ ಒಂದು ಕ್ರಮವಿದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಮಟ್ಟ ಗುರುತಿಗಿಂತ ಮೇಲಿದ್ದು ತೆಳ್ಳಗಿದ್ದರೆ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಪಂಪಿನ ಸೀಲಿನಿಂದ ಡೀಸೆಲ್ ಒಳಗಿಳಿದಿದೆ. ಜನ "ಆಯಿಲ್ ಕಮ್ಮಿಯಾಗಿಲ್ಲ, ಜಾಸ್ತಿಯೇ ಇದೆ" ಎಂದು ಖುಷಿಪಡುತ್ತಾರೆ. ಕಮ್ಮಿಯಾಗಿದ್ದರೆ ಹಾಕಬಹುದು, ಜಾಸ್ತಿಯಾಗಿದ್ದರೆ ಭಯಪಡಬೇಕು. ಏನೇ ಇರಲಿ, ಹಳೆ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, 15ಡಬ್ಲ್ಯು-40 ಡೀಸೆಲ್ ಇಂಜಿನ್ ಆಯಿಲ್ ಹಾಕಿ. ಇಳಿಸಿದ ಆಯಿಲ್ಲನ್ನು ಖಾಡಿಯ ಕಾಂಡ್ಲಾ ಗಿಡಗಳ ಬುಡಕ್ಕೆ ಚೆಲ್ಲಿಬಿಡುವ ದುರಭ್ಯಾಸ ಅಲ್ಲೂ ಇದೆ. ಕ್ಯಾನಿಗೆ ತುಂಬಿ, ದೋಣಿಯಲ್ಲೇ ವಾಪಸು ತಂದು, ಹಳೆ ಆಯಿಲ್ ಕೊಳ್ಳುವವರಿಗೆ ಕೊಟ್ಟೆವು.

ಆಮೇಲೆ ನಾಲ್ಕೂ ನೋಜಲ್ ಬಿಚ್ಚಿದೆವು. ಇಂಜೆಕ್ಟರಿಗೆ ಗ್ಯಾರೇಜಿನವರೆಲ್ಲ ಹೇಳುವುದು ನೋಜಲ್ ಅಂತಲೇ. ಬಿಚ್ಚುವ ಮೊದಲು ಪೈಪಿನ ನಟ್ಟುಗಳ ಸುತ್ತ ಬ್ರಶ್ಶಿನಿಂದ ಉಜ್ಜಿ, ಡೀಸೆಲ್ ಸವರಿ ಒರೆಸಿ. ಒಂದು ಕಾಳು ಮಣ್ಣು ಒಳಗೆ ಹೋದರೆ ನೋಜಲಿನ ಕೂದಲೆಳೆಯಂಥ ತೂತು ಮುಚ್ಚುತ್ತದೆ. ಪ್ರತಿ ತೂತಿಗೂ ಅರ್ಧ ಆಯಿಲ್, ಅರ್ಧ ಡೀಸೆಲ್ ಬೆರೆಸಿದ್ದನ್ನು ಒಂದೊಂದು ಸಣ್ಣ ಲೋಟ ಸುರಿದು ಮೂರು ದಿನ ಬಿಟ್ಟೆವು. ತುಕ್ಕು ಜೋರಾಗಿದ್ದರೆ ಹದಿನೈದು ದಿನವಾದರೂ ಬಿಡಿ, ದಿನಕ್ಕೊಮ್ಮೆ ಸ್ವಲ್ಪ ಸುರಿಯುತ್ತಾ ಇರಿ. ಕಾಯುವ ಆ ದಿನಗಳಲ್ಲಿ ಮೇಲಿನ ರಾಕರ್ ಕವರ್ ತೆಗೆದು ಒಂದೊಂದೇ ವಾಲ್ವನ್ನು ಸುತ್ತಿಗೆಯ ಮರದ ಹಿಡಿಯಿಂದ ಒತ್ತಿ ನೋಡಬೇಕು. ಸ್ಪ್ರಿಂಗಿನಂತೆ ಎದ್ದುಬಂದರೆ ಸರಿ. ಒತ್ತಿದಲ್ಲೇ ಕೂತರೆ ಅಥವಾ ಅಲುಗದಿದ್ದರೆ ಕಾಂಡಕ್ಕೆ ಆಯಿಲ್ ಬಿಟ್ಟು ಮೆತ್ತಗೆ ತಟ್ಟುತ್ತಾ ಬಿಡಿಸಬೇಕು. ವಸಾಯಿಯಲ್ಲಿ ನಾವು ಮಾಡದೆ ಬಿಟ್ಟದ್ದು ಇದೇ.

ತಿರುಗಿಸುವುದು ಕೈಯಿಂದ. ಮುಂದಿನ ಪುಲ್ಲಿಯ ದೊಡ್ಡ ನಟ್ಟಿಗೆ ಉದ್ದ ಹಿಡಿಕೆಯ ಪಾನ (ಸ್ಪ್ಯಾನರ್) ಹಾಕಿ ಹಿಂದಕ್ಕೆ ಒಂದಂಗುಲ, ಮುಂದಕ್ಕೆ ಒಂದಂಗುಲ ತೊಟ್ಟಿಲು ತೂಗಿದಂತೆ ತೂಗಬೇಕು. ಹಿಂದಕ್ಕೆ ತೂಗುವಾಗ ನಟ್ಟು ಬಿಚ್ಚಿಕೊಳ್ಳದಂತೆ ಹುಷಾರು. ಅದಕ್ಕೂ ಬಗ್ಗದಿದ್ದರೆ ಸೆಲ್ಫ್ ಮೋಟರ್ ಬಿಚ್ಚಿ, ಆ ಕಿಂಡಿಯಿಂದ ಫ್ಲೈವೀಲಿನ ಹಲ್ಲಿಗೆ ಲಿವರ್ ಕೊಟ್ಟು ತೂಗಬಹುದು. ನಮ್ಮದು ಎರಡನೆಯ ತೂಗಿಗೇ 'ಚುಯ್ಯ್' ಎಂದು ಸದ್ದು ಮಾಡಿ ಬಿಟ್ಟುಕೊಂಡಿತು. ಪೂರ್ತಿ ಎರಡು ಸುತ್ತು ಬಂದ ಮೇಲೆ ಅಣ್ಣ ಎಲ್ಲರನ್ನೂ ದೂರ ನಿಲ್ಲಿಸಿದರು. ನೋಜಲ್ ತೂತು ತೆರೆದಿರುವಾಗ ಜೋರಾಗಿ ತಿರುಗಿಸಿದರೆ ಸುರಿದ ಎಣ್ಣೆಯೆಲ್ಲ ಮಾಡಿನವರೆಗೆ ಹಾರುತ್ತದೆ. ಮುಖ ಅಡ್ಡ ಇಟ್ಟವರ ಕಣ್ಣು ಹೋಗಬಹುದು.

ಇನ್ನು ಡೀಸೆಲ್. ಹೆಚ್ಚಿನ ಹಳೆ ಗಾಡಿಗಳು ನಿಲ್ಲುವುದೂ ಏಳದೇ ಇರುವುದೂ ಇಲ್ಲೇ. ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದದ್ದು ಡೀಸೆಲ್ ವಾಸನೆಯಲ್ಲ, ಹಳೆ ವಾರ್ನಿಶ್ ಡಬ್ಬದ ವಾಸನೆ. ವರ್ಷಗಟ್ಟಲೆ ನಿಂತ ಡೀಸೆಲ್ ಅಂಟಾಗುತ್ತದೆ. ತಳದಲ್ಲಿ ಬೆವರಿನ ನೀರು ಕೂಡುತ್ತದೆ. ಆ ನೀರೂ ಡೀಸೆಲ್ಲೂ ತಾಗುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ನಾವು ಇಳಿಸಿದ ಡೀಸೆಲ್ಲಿನಲ್ಲಿ ಅದು ನೆನೆದ ಚಹಾಪುಡಿಯಂತೆ ತೇಲುತ್ತಿತ್ತು. ಇದಕ್ಕೆ ಹೊಸ ಡೀಸೆಲ್ ಬೆರೆಸಿ 'ಓಡುತ್ತದೆ ಬಿಡು' ಎನ್ನಬೇಡಿ. ಟ್ಯಾಂಕ್ ಇಳಿಸಿ, ಒಳಗೆ ಸ್ವಲ್ಪ ಡೀಸೆಲ್ಲೂ ಒಂದು ಹಿಡಿ ಸಣ್ಣ ಜಲ್ಲಿಯೂ ಹಾಕಿ ಕುಲುಕಿ, ಜಲ್ಲಿ ಎಣಿಸಿ ಹೊರತೆಗೆದು, ಬಿಸಿಲಿಗೆ ಒಣಗಿಸಿ. ಎಣಿಸಿ ಅಂದದ್ದು ತಮಾಷೆಗಲ್ಲ.

ಫಿಲ್ಟರ್ ಎರಡನ್ನೂ ಬದಲಿಸಿ. ರಬ್ಬರ್ ಪೈಪು ನೋಡಲು ಸರಿಯಿದ್ದರೂ ಬದಲಿಸಿ. ಬೆರಳಲ್ಲಿ ಮಡಚಿದರೆ ಬಿರುಕು ಕಾಣುತ್ತದೆ. ಆ ಬಿರುಕಿನಿಂದ ಡೀಸೆಲ್ ಸೋರಬೇಕೆಂದೇನಿಲ್ಲ, ಗಾಳಿ ಒಳಗೆ ಹೋದರೂ ಸಾಕು. ಬ್ಯಾಂಜೋ ಬೋಲ್ಟುಗಳ ತಾಮ್ರದ ವಾಷರ್ ಎಲ್ಲ ಹೊಸದಾಗಿ ಹಾಕಿ, ಬೆಲೆ ಏನೂ ಅಲ್ಲ. ವಾಷರ್, ಓ-ರಿಂಗ್, ಆಯಿಲ್ ಸೀಲ್, ಬೇರಿಂಗ್ ಇಂಥವಕ್ಕೆ ನಾನು ಹೋಗುವುದು ನಾಗದೇವಿ ಸ್ಟ್ರೀಟಿಗೆ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯವನ ಮುಂದೆ ಇಟ್ಟರೆ ಆಯಿತು, ಹೆಸರು ಹೇಳುವ ಕಷ್ಟವಿಲ್ಲ. ಗಾಡಿಯದೇ ಭಾಗ ಬೇಕಾದರೆ ಕುರ್ಲಾದ ಹಳೆ ಸಾಮಾನಿನ ಗಲ್ಲಿಗಳಲ್ಲಿ ಸುತ್ತಬೇಕು.

ಪಂಪಿನ ವಿಷಯಕ್ಕೆ ಬರೋಣ. ನಮ್ಮ ಕಡೆಯ ಹಳೆ ಡೀಸೆಲ್ ಗಾಡಿಗಳ ಪಂಪು ಬಹುಪಾಲು ಬೆಂಗಳೂರಿನ ಮೈಕೋದ್ದು. ಆಡುಗೋಡಿಯ ಆ ಮೈಕೋ 2008ರಿಂದ ಬಾಷ್ ಎಂಬ ಹೆಸರಿನಲ್ಲಿದೆ. ಪಂಪಿನ ಪಕ್ಕದ ತಗಡಿನ ಮುಚ್ಚಳ ತೆಗೆದರೆ ಒಳಗೆ ಹಲ್ಲಿನ ಸರಳೊಂದು ಕಾಣುತ್ತದೆ, ಅದು ರ್‍ಯಾಕ್. ಅದು ಒಂದು ಕಡೆ ಸರಿದರೆ ಡೀಸೆಲ್ ಹೆಚ್ಚು, ಇನ್ನೊಂದು ಕಡೆ ಸರಿದರೆ ಬಂದ್. ಎಕ್ಸಲರೇಟರ್, ಸ್ಟಾಪ್ ಕೇಬಲ್, ಗವರ್ನರ್ ಎಲ್ಲವೂ ಕೊನೆಗೆ ಮಾಡುವುದು ಈ ಸರಳನ್ನು ಅತ್ತಿತ್ತ ತಳ್ಳುವುದನ್ನೇ. ಅಣ್ಣ ಮೊದಲ ದಿನವೇ ಕೇಳಿದ್ದು ಇದನ್ನು. ಅಂಟಾದ ಡೀಸೆಲ್ಲಿನಲ್ಲಿ ರ್‍ಯಾಕ್ 'ಪೂರ್ತಿ' ಕಡೆಗೆ ಅಂಟಿ ಕೂತಿದ್ದರೆ ಇಂಜಿನ್ ಚಾಲೂ ಆದ ಕೂಡಲೇ ಓಟ ಕೀಳುತ್ತದೆ. ಕೀಲಿ ಆಫ್ ಮಾಡಿದರೂ ನಿಲ್ಲುವುದಿಲ್ಲ, ಹಳೆ ಡೀಸೆಲ್ಲಿಗೂ ಕೀಲಿಗೂ ಸಂಬಂಧವೇ ಇಲ್ಲ. ಕ್ಷಣದಲ್ಲಿ ತಡೆಯಲಾಗದ ವೇಗಕ್ಕೆ ಏರಿ ಇಂಜಿನ್ ಒಡೆದು ಚೂರು ಹಾರುವವರೆಗೂ ಹೋಗಬಹುದು.

ಮಾವನ ಗಾಡಿಯ ರ್‍ಯಾಕ್ ನಿಜಕ್ಕೂ ಅಂಟಿತ್ತು. ಸ್ಟಾಪ್ ಗುಂಡಿ ಎಳೆದರೆ ಕೇಬಲ್ಲಿನ ಹೊರಕೋಶ ಬಗ್ಗುತ್ತಿತ್ತೇ ಹೊರತು ಸರಳು ಕದಲಲಿಲ್ಲ. ಶುದ್ಧ ಡೀಸೆಲ್ಲೂ ತೆಳು ಆಯಿಲ್ಲೂ ಬೆರೆಸಿ ಹನಿಹನಿಯಾಗಿ ಬಿಡುತ್ತಾ, ಬೆರಳಿನಿಂದ ಮಾತ್ರ ಅತ್ತಿತ್ತ ಆಡಿಸುತ್ತಾ ಒಂದು ಸಂಜೆ ಕಳೆದೆವು. ಸುತ್ತಿಗೆ, ಇಕ್ಕಳ ಮುಟ್ಟಕೂಡದು. ಕತ್ತಲಾಗುವ ಹೊತ್ತಿಗೆ ಬೆಣ್ಣೆಯಲ್ಲಿ ಸರಿದಂತೆ ಸರಿಯತೊಡಗಿತು. ಕೇಬಲ್ ಹೊಸದು ಹಾಕಿದೆವು. ಪಂಪಿನಲ್ಲಿ ಡೀಸೆಲ್ ಒತ್ತುವ ಪ್ಲಂಜರ್ ಅಂಟಿದ್ದರೆ, ಪಂಪಿನ ಒಳಗೇ ತುಕ್ಕು ಹಿಡಿದಿದ್ದರೆ ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಪಂಪ್ ಇಳಿಸುವ ಮೊದಲು ಟೈಮಿಂಗ್ ಗುರುತನ್ನು ಉಳಿಯಿಂದ ಗೀರಿ, ಡೀಸೆಲ್ ಪಂಪ್ ಕ್ಯಾಲಿಬ್ರೇಶನ್ ಮಾಡುವವರಿಗೆ ಕೊಡಿ. ನೋಜಲುಗಳನ್ನು ಹೇಗೂ ಅವರಲ್ಲಿ ಪರೀಕ್ಷೆಗೆ ಕೊಡಲೇಬೇಕು. ನೋಜಲ್ ತೆರೆಯುವ ಒತ್ತಡ ಕಾರಿನ ಟೈರಿನೊಳಗಿನ ಗಾಳಿಯ ಹತ್ತಾರು ಪಟ್ಟು. ಚಿಮ್ಮುವ ನೋಜಲಿನ ಮುಂದೆ ಕೈ ಹಿಡಿದು ನೋಡುವ ಮೆಕ್ಯಾನಿಕ್ಕುಗಳಿದ್ದಾರೆ. ಚಿಮ್ಮಿದ ಡೀಸೆಲ್ಲಿನ ಎಳೆ ಚರ್ಮವನ್ನು ಸೀಳಿ ಮಾಂಸದೊಳಗೆ ಹೋಗುತ್ತದೆ; ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಬೆರಳು ಕತ್ತರಿಸಬೇಕಾಗಿ ಬರಬಹುದು. ಕೂಡಲೇ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ಡೀಸೆಲ್ ಲೈನಿನ ಏರ್ ತೆಗೆಯುವುದು ಹೇಗೆ? ಗಾಳಿ ಅದುಮಿಸಿಕೊಳ್ಳುತ್ತದೆ, ಡೀಸೆಲ್ ಅದುಮಿಸಿಕೊಳ್ಳುವುದಿಲ್ಲ. ಪೈಪಿನಲ್ಲಿ ಒಂದು ಗುಳ್ಳೆ ಇದ್ದರೂ ಪಂಪು ಕೊಡುವ ಒತ್ತಡವನ್ನೆಲ್ಲ ಆ ಗುಳ್ಳೆ ಕುಗ್ಗಿ ನುಂಗಿಬಿಡುತ್ತದೆ, ನೋಜಲ್ ತೆರೆಯುವುದೇ ಇಲ್ಲ. ಆದ್ದರಿಂದ ಟ್ಯಾಂಕಿನಿಂದ ಶುರುಮಾಡಿ ಮುಂದೆ ಮುಂದೆ ಹೋಗಬೇಕು. ಫಿಲ್ಟರಿನ ತಲೆಯ ಮೇಲಿನ ಪುಟ್ಟ ಬೋಲ್ಟ್ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಾ ಇರಿ. ಮೊದಲು ಸೋಡಾದಂತೆ ನೊರೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಬಿಗಿಯಿರಿ; ಒತ್ತುವುದು ನಿಲ್ಲಿಸಿ ಬಿಗಿದರೆ ಗಾಳಿ ಮತ್ತೆ ಒಳಗೆ. ಎರಡನೆಯ ಫಿಲ್ಟರಿಗೆ, ಪಂಪಿನ ಮೇಲಿನ ಬೋಲ್ಟಿಗೆ ಇದೇ ಕೆಲಸ. ಕೊನೆಗೆ ನೋಜಲಿನ ತುದಿಯಲ್ಲಿ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆದರೆ, ಒಂದೊಂದೇ ಪೈಪಿನಿಂದ ಡೀಸೆಲ್ ಪುಳಕ್ ಪುಳಕ್ ಎಂದು ಬರುತ್ತದೆ. ಬಂದದ್ದನ್ನು ಬಿಗಿಯುತ್ತಾ ಹೋಗಿ.

ಉಳಿದವು ಬೇಗ ಹೇಳುತ್ತೇನೆ. ಆಯಿಲ್ ಬಾತ್ ಏರ್ ಕ್ಲೀನರಿನ ಬಟ್ಟಲಲ್ಲಿ ಆಯಿಲ್ ಗೆರೆಯವರೆಗೆ ಮಾತ್ರ ಇರಲಿ. ಮೀರಿದರೆ ಇಂಜಿನ್ ಅದನ್ನೇ ಹೀರಿ ಡೀಸೆಲ್ಲಿನಂತೆ ಉರಿಸಿ ಓಟ ಕೀಳುತ್ತದೆ. ಗಾಳಿಯ ಕೊಳವೆಯೊಳಗೆ ಹೆಗ್ಗಣದ ಗೂಡಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ವೈರಿಂಗ್ ಇಲಿ ತಿಂದೇ ಇರುತ್ತದೆ. ಚಾಲೂ ಮಾಡಲು ಬೇಕಾದ್ದು ಸೆಲ್ಫಿನ ದಪ್ಪ ತಂತಿ, ಹೀಟರಿನ ತಂತಿ, ಉಜ್ಜಿ ಬೆಳ್ಳಗೆ ಮಾಡಿದ ಅರ್ಥಿನ ಪಟ್ಟಿ, ಅಷ್ಟೇ. ಬ್ಯಾಟರಿ ಕೂಡಿಸುವ ಮೊದಲು ಯಾವ ತುದಿ ಬಾಡಿಗೆ ಹೋಗಿದೆ ನೋಡಿ. ಬ್ರಿಟಿಷ್ ವಿನ್ಯಾಸದ ಕೆಲವು ಹಳೆ ಗಾಡಿಗಳಲ್ಲಿ ಪಾಸಿಟಿವ್ವೇ ಬಾಡಿಗೆ ಇರುತ್ತದೆ. ಗೇರ್ ಬಾಕ್ಸಿನಲ್ಲೂ ನೀರು ಕೂತಿರುತ್ತದೆ. ಕಡಲ ಹತ್ತಿರದ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿರುವುದು ಮಾಮೂಲು, ಪೆಡಲ್ ಸಲೀಸಾಗಿ ಇಳಿದರೂ ಒಳಗೆ ಬಿಟ್ಟಿರುವುದಿಲ್ಲ. ಹಾಗಾಗಿ ಗೇರು ನ್ಯೂಟ್ರಲ್ ಇದೆಯೆಂದು ಕೈಯಿಂದ ಅಲುಗಾಡಿಸಿ ಖಾತ್ರಿ ಮಾಡಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ನೆಲದ ಮೇಲೆ ನಿಂತು ಸೆಲ್ಫಿಗೆ ಅಡ್ಡ ಸ್ಕ್ರೂಡ್ರೈವರ್ ಕೊಟ್ಟು ಚಾಲೂ ಮಾಡುವ ಶೋಕಿ ಬೇಡವೇ ಬೇಡ. ಗೇರಿನಲ್ಲಿದ್ದರೆ ಹಿಂದಿನ ಚಕ್ರ ನಿಮ್ಮ ಮೇಲೇ ಬರುತ್ತದೆ.

ಚಾಲೂ ಮಾಡುವ ದಿನ ಬ್ಯಾಟರಿ ದೋಣಿಯಲ್ಲಿ ಬಂತು, ಗೊರಾಯಿಯ ಪಗೋಡ ನೋಡಲು ಹೊರಟವರ ಕಾಲಿನ ಮಧ್ಯೆ. ಅಣ್ಣ ಒಂದು ಹಲಗೆ ತುಂಡಿಗೆ ಹಳೆ ಟ್ಯೂಬಿನ ರಬ್ಬರ್ ಹೊಡೆದು ತಂದಿದ್ದರು. ಏರ್ ಕ್ಲೀನರಿನ ಹೋಸ್ ಬಿಚ್ಚಿ, ಇಂಜಿನ್ನಿನ ಗಾಳಿಯ ಬಾಯಿ ಬರಿದು ಮಾಡಿ, ಹಲಗೆಯನ್ನು ನನ್ನ ಕೈಗೆ ಕೊಟ್ಟರು. "ನಾ ಕೂಗಿದ ಕೂಡ್ಲೆ ಒತ್ತಿ ಹಿಡಿ. ಕೈ ಅಡ್ಡ ಕೊಡ್ಬೇಡ, ಬಟ್ಟೆ ತುರ್ಕ್ಬೇಡ." ಓಟ ಕಿತ್ತ ಡೀಸೆಲ್ಲನ್ನು ನಿಲ್ಲಿಸಲು ಇರುವ ಖಾತ್ರಿ ದಾರಿ ಗಾಳಿ ಬಂದ್ ಮಾಡುವುದು. ಬಟ್ಟೆ ಕೊಟ್ಟರೆ ಅದನ್ನೂ ಒಳಗೆಳೆದುಕೊಳ್ಳುತ್ತದೆ.

ಮೊದಲು ಸ್ಟಾಪ್ ಗುಂಡಿ ಎಳೆದಿಟ್ಟುಕೊಂಡೇ ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆದೆವು, ನಡುನಡುವೆ ಸೆಲ್ಫ್ ತಣಿಯಲು ಬಿಟ್ಟು. ಇದು ಆಯಿಲ್ಲನ್ನು ಬೇರಿಂಗುಗಳಿಗೆ ಏರಿಸಲು. ನಾಲ್ಕನೆಯ ಸಲಕ್ಕೆ ಆಯಿಲ್ ಪ್ರೆಶರಿನ ಮುಳ್ಳು ಅಲುಗಿತು. ಆಗ ಗುಂಡಿ ಒಳಗೆ ತಳ್ಳಿ, ಹೀಟರ್ ಅರ್ಧ ನಿಮಿಷ ಕಾಯಿಸಿ, ಮಾವ ಸೆಲ್ಫ್ ಹೊಡೆದರು. ಬಿಳಿ ಹೊಗೆ ಬಂತು. ಅದು ಒಳ್ಳೆಯ ಸುದ್ದಿ. ಡೀಸೆಲ್ ಬರುತ್ತಿದೆ, ಇನ್ನೂ ಹೊತ್ತಿಲ್ಲ ಎಂದರ್ಥ. ಪಕ್ಕದ ವಾಡಿಯ ಹುಡುಗನೊಬ್ಬ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ಓಡಿಬಂದ. ಅಣ್ಣ ಅವನನ್ನು ಗದರಿಸಿ ಓಡಿಸಿದರು. ಕಾದ ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಪೆಟ್ರೋಲಿನ ಆವಿಯೋ ಸ್ಟಾರ್ಟಿಂಗ್ ಸ್ಪ್ರೇಯೋ ಕೊಡುವುದೆಂದರೆ ಬಾಂಬು ಕೊಟ್ಟಂತೆ. ಪಿಸ್ಟನ್ ಮೇಲೇರುವ ಮೊದಲೇ ಸಿಡಿದು ರಿಂಗು ಮುರಿಯುತ್ತದೆ.

ಇನ್ನೆರಡು ಸಲ ಹೀಟರ್. ಒಂದು ಸಿಲಿಂಡರ್ 'ಢಬ್' ಎಂದಿತು, ತಡವರಿಸಿತು, ಇನ್ನೊಂದು ಸೇರಿತು. ಎರಡರಲ್ಲಿ ಕುಂಟುತ್ತಾ ಇಡೀ ಮಾಡನ್ನು ನಡುಗಿಸಿತು. ಮೂರನೆಯದು ಬಂತು. ನಾಲ್ಕನೆಯದು ಬರಲು ಒಂದು ನಿಮಿಷವೇ ಹಿಡಿದಿರಬೇಕು. ಅಣ್ಣನ ಕಣ್ಣು ಆಯಿಲ್ ಮುಳ್ಳಿನ ಮೇಲೆ, ನನ್ನ ಕಣ್ಣು ಅಣ್ಣನ ಬಾಯಿ ಮೇಲೆ, ಕೈಯಲ್ಲಿ ಹಲಗೆ. ಅರ್ಧ ನಿಮಿಷವೂ ಓಡಿಸದೆ ಅವರು ಸ್ಟಾಪ್ ಎಳೆದರು. ನಿಂತಿತು. ಮಾವನಿಗೆ ಸಿಟ್ಟೇ ಬಂತು, ಹನ್ನೊಂದು ವರ್ಷಕ್ಕೆ ಎದ್ದದ್ದನ್ನು ಯಾಕೆ ನಿಲ್ಲಿಸಿದಿರಿ ಎಂದು. "ನಿಲ್ತದಾ ಅಂತ ನೋಡ್ದೆ" ಎಂದರು ಅಣ್ಣ. ಎರಡನೆಯ ಸಲ ಒಂದೇ ಹೊಡೆತಕ್ಕೆ ಎದ್ದಿತು.

ಎದ್ದ ಮೇಲೆ ಎಕ್ಸಲರೇಟರ್ ಒತ್ತುವ ಆಸೆ ತಡೆದುಕೊಳ್ಳಿ. ಇಪ್ಪತ್ತು ನಿಮಿಷ ಮೆತ್ತಗೆ ಓಡಲಿ. ಬಿಳಿ ಹೊಗೆ ಬಿಸಿಯಾದಂತೆ ಮಾಯವಾಗಬೇಕು. ಬಿಸಿಯಾದ ಮೇಲೂ ಉಳಿದು ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಕಪ್ಪು ಹೊಗೆಯಾದರೆ ಗಾಳಿ ಸಾಲದು ಇಲ್ಲವೇ ನೋಜಲ್ ಸೋರುತ್ತಿದೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ, ರಿಂಗುಗಳು ತುಕ್ಕು ಬಿಟ್ಟು ಸಡಿಲಾಗಲು ಕೆಲವು ಗಂಟೆ ಕೊಟ್ಟು ನೋಡಿ ಆಮೇಲೆ ನಿರ್ಧರಿಸಿ. ಆರೆಂಟು ಗಂಟೆ ಓಡಿದ ಮೇಲೆ ಹೊಸ ಆಯಿಲ್ಲನ್ನೇ ಮತ್ತೊಮ್ಮೆ ಇಳಿಸಿ. ಹಳೆ ಕೊಳೆಯೆಲ್ಲ ಅದರೊಳಗೆ ಬಂದಿರುತ್ತದೆ, ಮಾವನಂತೆ ದುಡ್ಡಿನ ಮುಖ ನೋಡಬೇಡಿ.

ವಾಡಿಯೊಳಗೆ ಓಡಿಸುವುದು ಬೇರೆ, ರಸ್ತೆಗಿಳಿಸುವುದು ಬೇರೆ. ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಓದಲ್ಲಿ ಗಾಡಿ ತೋರಿಸಿ ನವೀಕರಿಸಬೇಕು. ವಿಮೆ, ಪಿಯುಸಿ ಬೇಕೇ ಬೇಕು. ಬ್ರೇಕು, ಬಿರುಕುಬಿಟ್ಟ ಟೈರು, ದೀಪ ಸರಿಯಾಗದೆ ಅತ್ತ ಹೋಗಿ ಪ್ರಯೋಜನವಿಲ್ಲ. ಮಾವನ ಆರ್‌ಸಿ ಪುಸ್ತಕದ ಅರ್ಧ ಗೆದ್ದಲು ತಿಂದಿದೆ. ಆ ಕೆಲಸ ಇಂಜಿನ್ ಬಿಡಿಸಿದ್ದಕ್ಕಿಂತ ನಿಧಾನವಾಗಿ ಸಾಗುತ್ತಿದೆ.

ನಿಮ್ಮ ಊರಿನಲ್ಲೋ ವಾಡಿಯಲ್ಲೋ ಹೀಗೊಂದು ಗಾಡಿ ನಿಂತಿದ್ದು, ರಿಪೇರಿಗೆ ಈ ವರ್ಷ ಬಿಡುವಾಗದಿದ್ದರೆ ಪರವಾಗಿಲ್ಲ. ಮಳೆಗೆ ಮೊದಲು ಒಂದು ಸಲ ಹೋಗಿ ಸೈಲೆನ್ಸರಿನ ಬಾಯಿಗೆ ಡಬ್ಬ ಮುಚ್ಚಿ, ಕ್ಲಚ್ ಪೆಡಲ್ ಒತ್ತಿ ಅದು ಏಳದಂತೆ ಒಂದು ಕಟ್ಟಿಗೆ ಕೊಟ್ಟು ಬನ್ನಿ. ಅರ್ಧ ಗಂಟೆಯ ಕೆಲಸ.